ಬಣ್ಣದ ಮನೆಯ ಉಪ್ಪು

ಇಷ್ಟು ನೀಲಿ ಎಲ್ಲಿ ಅಡಗಿತ್ತು, ಈ ನೀರಿನ ಡ್ರಮ್ಮು, ಎದುರು ಮನೆಯ ಬಾಗಿಲು, ತಂತಿಯ ಮೇಲೆ ಒಣಹಾಕಿದ ಮನೋಹರನ ಲುಂಗಿ, ಆ ಲುಂಗಿಯೊಂದರಲ್ಲೇ ಎರಡು ನೀಲಿ ಇವೆ, ಅಂಚಿಗೆ ಕಡುನೀಲಿ, ಮೈಗೆ ತಿಳಿನೀಲಿ, ಎಂಟು ದಿನದ ಹಿಂದಿನವರೆಗೆ ನನಗದು ಹಸಿರು ಲುಂಗಿ, ಮಗ ತಿದ್ದಲಿಲ್ಲ, ನಾನು ಕೇಳಲಿಲ್ಲ — ಬಲಗಣ್ಣು ಮುಚ್ಚಿದರೆ ಈಗಲೂ ಹಸಿರೇ, ಡಾಕ್ಟರು ತೆಗೆದದ್ದು ಬಲಗಣ್ಣಿನ ಪೊರೆ ಮಾತ್ರ, ಎಡಗಣ್ಣಿಗೆ ಇನ್ನೂ ಮೂರು ತಿಂಗಳು ಕಾಯಬೇಕಂತೆ, ಹಾಗಾಗಿ ಒಂದೇ ಮುಖದಲ್ಲಿ ಎರಡು ಕಾಲ ಇಟ್ಟುಕೊಂಡು ಕೂತಿದ್ದೇನೆ, ಎಡಗಣ್ಣಿನಲ್ಲಿ ಕೂಸು ಸಾಯುವ ಮುಂಚಿನ ಬೆಟಗೇರಿ, ಬಲಗಣ್ಣಿನಲ್ಲಿ ಸತ್ತ ಮೇಲಿನದು. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಕೇಳಿದ್ದರು, ಅಜ್ಜಾರ, ಈ ಗ್ವಾಡಿ ಯಾವ ಬಣ್ಣ ಐತಿ ಹೇಳ್ರಿ, ನೀಲಿ ಅಂದೆ, ಅಲ್ಲಿದ್ದ ನರ್ಸಮ್ಮ ನಕ್ಕಳು, ಪೊರಿ ಪೂರಾ ಹಣ್ಣಾಗಿ ಕಂದು ತಿರುಗಿತ್ರಿ, ಇಷ್ಟು ವರ್ಷ ನೀಲಿ ಯಾವುದು ಹಸರ ಯಾವುದು ಹೆಂಗ ತಿಳೀತಿತ್ತು ನಿಮಗ, ಅಂದರು ಡಾಕ್ಟರು, ಏನು ಕೆಲಸ ಮಾಡ್ತಿದ್ರಿ. ಬಣ್ಣ ಹಾಕುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ನಲವತ್ತಾರು ವರ್ಷ ನೂಲಿಗೆ ಬಣ್ಣ ಹಾಕಿದವನು ನಾನು, ಈ ಪಾಂಡಪ್ಪ ಹಂಡೆಯಿಂದ ನೂಲಿನ ಲಡಿ ಎತ್ತಿದರೆ ರಸ್ತೆಯ ಆಚೆ ನಿಂತ ನೇಕಾರ ಇದು ನಮ್ಮ ಸೀರೆಯ ನೂಲು ಎಂದು ಗುರುತು ಹಿಡಿಯುತ್ತಿದ್ದ, ಹೋದ ದೀಪಾವಳಿಗೆ ಶಿಗ್ಲಿಯವರು ಆಕಾಶದ ಬಣ್ಣ ಕೇಳಿದಾಗ ಪಾಚಿಯ ಬಣ್ಣ ಹಾಕಿಕೊಟ್ಟು ಪುಡಿಯೇ ಖೊಟ್ಟಿ ಎಂದು ಜಗಳ ತೆಗೆದವನೂ ನಾನೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕಣ್ಣು ಹೋಗಿದೆ ಅಂದರೆ ಬಣ್ಣದವನಿಗೆ ಮತ್ತೇನು ಉಳಿಯಿತು, ಅದಕ್ಕೇ ಮುಚ್ಚಿಟ್ಟೆ, ಡಾಕ್ಟರಿಗೂ ಹೇಳದೆ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದೆ.

ಹತ್ತು ಗಂಟೆಗೆ ಬರುತ್ತಾರಂತೆ, ಓಣಿಯ ಹಿರಿಯ ಚನ್ನಬಸವಣ್ಣ, ಅವನ ಹಿಂದೆ ಹಾಲಿನ ರಹಿಮತಬಿ. ಎರಡೂವರೆ ತಿಂಗಳಾಯಿತು ಅವಳು ಈ ಓಣಿಯಲ್ಲಿ ಕಾಲಿಡದೆ, ಅವಳ ಹಾಲಿನಿಂದ ಪಾಂಡಪ್ಪನ ಮೊಮ್ಮಗಳು ಸತ್ತಳು ಎಂದು ಇಡೀ ಬೆಟಗೇರಿಗೆ ಗೊತ್ತು, ನಮ್ಮ ಅನುರಾಧಾ, ಅನು, ಎಂಟು ವರ್ಷ, ಮೂರನೇ ಇಯತ್ತೆ ಮುಗಿಸಿದ್ದಳು, ಮುಂದಿನ ಎರಡು ಹಲ್ಲು ಆಗಷ್ಟೇ ಪೂರಾ ಬಂದಿದ್ದವು — ಹೂಂ ಅಂದರೆ ರಹಿಮತಬಿ ಮತ್ತೆ ಓಣಿಗೆ ಹಾಲು ಹಾಕುತ್ತಾಳೆ, ಉಹೂಂ ಅಂದರೆ ಉಳಿದ ಒಂದು ಎಮ್ಮೆಯನ್ನೂ ಮಾರಿ ಮುಂಡರಗಿಯ ಮಗಳ ಮನೆ ಸೇರುತ್ತಾಳೆ, ಕೂಸನ್ನು ಕಳಕೊಂಡವರು ನೀವು, ನಿಮ್ಮ ಮನೆಯ ಮಾತೇ ಮಾತು ಎಂದು ಚನ್ನಬಸವಣ್ಣ ನಿನ್ನೆಯೇ ಹೇಳಿ ಕಳಿಸಿದ್ದಾನೆ. ಮನೆಯ ಮಾತು ಅಂದರೆ ನನ್ನ ಮಾತು, ಮನೋಹರ ಆ ದಿನದಿಂದ ಬಾಯಿಯನ್ನೇ ಬಿಟ್ಟಿಲ್ಲ, ಮಗ್ಗದ ಮುಂದೆ ಕೂತು ಹಾಸಿನ ಎಳೆ ನೋಡುತ್ತಾನೆ, ನೇಯುವುದಿಲ್ಲ. ಹದಿನೆಂಟು ವರ್ಷದ ಹಾಲು ಅವಳದು. ಅನು ಹುಟ್ಟಿದಾಗ ಸೊಸೆ ದ್ರಾಕ್ಷಾಯಣಿಗೆ ಎದೆಹಾಲು ಸಾಲಲಿಲ್ಲ, ಕೂಸಿಗೆ ಒಂದೇ ಎಮ್ಮೆಯ ಹಾಲು ಹಾಕಬೇಕು, ಕೂಡಿಸಿದ ಹಾಲು ಒಗ್ಗುವುದಿಲ್ಲ ಎಂದು ಹಿರಿಯರು ಹೇಳಿದ್ದಕ್ಕೆ ರಹಿಮತಬಿ ಎರಡು ವರ್ಷ ಬೇರೆ ತಂಬಿಗೆಯಲ್ಲಿ, ಬಾಯಿಗೆ ಬಿಳಿ ಅರಿವೆ ಕಟ್ಟಿ ತಂದಳು, ಇದು ಗಂಗೀ ಹಾಲು ಕಾಕಾ, ಬ್ಯಾರೆ ಯಾವುದೂ ಕೂಡಿಸಿಲ್ರಿ, ಅನು ನಡೆಯಲು ಕಲಿತ ಮೇಲೆ ಬಾಗಿಲಿಗೆ ಓಡಿ ಹಾಲವ್ವ ಬಂದಳು ಹಾಲವ್ವ ಬಂದಳು ಎಂದು ಕೂಗುತ್ತಿದ್ದಳು. ಆ ಗಂಗಿಯನ್ನು ಹೋದ ತಿಂಗಳು ಮಾರಿದಳಂತೆ. ನಾನು ಇಲ್ಲಿ ಹಿತ್ತಲ ಬಣ್ಣದ ಮನೆಯಲ್ಲಿ ತಗಡಿನ ಡಬ್ಬಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೇನೆ, ಒಲೆಯಲ್ಲಿ ಬೆಂಕಿ ಇಲ್ಲ, ಹಂಡೆಯ ತಳದಲ್ಲಿ ಹಳೆಯ ಬಣ್ಣ ಒಣಗಿ ಬಿರುಕು ಬಿಟ್ಟಿದೆ.

ಐಸ್‌ಕ್ರೀಂ ನನ್ನ ಜಂಬ, ಇರಲಿ, ಒಪ್ಪಿಕೊಳ್ಳುತ್ತೇನೆ, ಮನೋಹರ ಅನುವಿನಷ್ಟು ಇದ್ದಾಗ ಹುಬ್ಬಳ್ಳಿಯಿಂದ ತಲೆಯ ಮೇಲೆ ಹೊತ್ತು ತಂದ ಬಕೆಟ್ಟು ಅದು, ಹೊರಗೆ ಮರದ್ದು, ನಡುವೆ ತಗಡಿನ ಒಳಪಾತ್ರೆ, ಮೇಲೆ ಕೈಯಿಂದ ತಿರುವುವ ಹಿಡಿಕೆ, ಒಳಪಾತ್ರೆಗೆ ಹಾಲು ಹಾಕಬೇಕು, ಸುತ್ತಲೂ ಒಂದು ಪದರ ಬರ್ಫ ಒಂದು ಪದರ ಉಪ್ಪು ತುಂಬಬೇಕು, ಉಪ್ಪು ಬಿದ್ದರೆ ಬರ್ಫಕ್ಕೆ ಥಂಡಿ ಏರುತ್ತದೆ, ಆಮೇಲೆ ತಿರುವು, ಭುಜ ಕೀಳುವವರೆಗೆ ತಿರುವು. ಫ್ರಿಜ್ಜಿನಲ್ಲಿ ಇಟ್ಟರೆ ಆಗೋದು ಗಡ್ಡಿ, ಐಸ್‌ಕ್ರೀಂ ಅಲ್ಲ, ಅಂಗಡ್ಯಾಗಿಂದು ಬರೇ ಗಾಳಿ, ಎಂದು ಪ್ರತಿ ಬೇಸಗೆಯಲ್ಲಿ ಭಾಷಣ ಬಿಗಿದು ಓಣಿಯ ಹುಡುಗರಿಗೆಲ್ಲ ಬಟ್ಟಲು ತುಂಬಿಸುತ್ತಿದ್ದೆ, ಈ ಸಲವೂ ಅಷ್ಟೇ, ಏಪ್ರಿಲ್ಲಿನ ಭಾನುವಾರ, ಮಗ ಸೊಸೆ ಶಿರಹಟ್ಟಿಗೆ ನೆಂಟರ ಮನೆಯ ಬಸುರಿಯ ಕುಬಸಕ್ಕೆ ಹೊರಟರು, ಅನು ಒಲ್ಲೆ ಅಂದಳು, ನಾ ಅಜ್ಜನ ಕೂಡ ಐಸ್‌ಕ್ರೀಂ ಮಾಡಾಕಿ, ಹಾಲನ್ನು ಹಿಂದಿನ ರಾತ್ರಿಯೇ ದ್ರಾಕ್ಷಾಯಣಿ ಅರ್ಧಕ್ಕೆ ಬತ್ತಿಸಿ ಸಕ್ಕರೆ ಯಾಲಕ್ಕಿ ಹಾಕಿ ಆರಿಸಿಟ್ಟಿದ್ದಳು, ಸಂಜಿಮುಂದ ಬರ್ತೀವಿ, ನಮಗೂ ಒಂದೀಟು ಉಳಸ್ರಿ ಮಾವಾರ, ಎಂದು ನಕ್ಕು ಹೋದಳು, ಆ ನಗು ಈಗ ಎಲ್ಲಿದೆ. ಗೋಣಿಚೀಲದಲ್ಲಿ ಬರ್ಫ ಸುತ್ತಿ ಒನಕೆಯಿಂದ ಕುಟ್ಟಿದೆವು, ಚೂರು ಹಾರಿ ಅವಳ ಕುತ್ತಿಗೆಯೊಳಗೆ ಬಿತ್ತು, ಕುಣಿದಾಡಿದಳು, ಬಕೆಟ್ಟು ಅರ್ಧ ತುಂಬುವುದರೊಳಗೆ ಉಪ್ಪು ತೀರಿತು. ನಾ ಅಂಗಡಿಗೆ ಹೋಗಿ ತರ್ತೀನಿ ಅಜ್ಜಾ. ಅದೊಂದು ಮಾತು, ಆ ಮಾತಿಗೆ ನಾನು ಆತವಾ ಹೋಗಿ ಬಾ ಅಂದಿದ್ದರೆ — ಅನ್ನಲಿಲ್ಲ, ಬಿಸಲ ಭಾಳ ಐತಿ ಕುಂಡ್ರು, ಬಣ್ಣದ ಮನ್ಯಾಗ ಐತೆಲ್ಲ ಉಪ್ಪು, ಎಂದು ನಾನೇ ಎದ್ದೆ.

ಅದರಲ್ಲಿ ತಪ್ಪೇನೂ ಇಲ್ಲ, ಬಣ್ಣದ ಹಂಡೆಗೂ ಅಡುಗೆಯ ಉಪ್ಪೇ ಬೇಕು, ಬಣ್ಣ ನೂಲಿಗೆ ಹತ್ತುವುದೇ ಉಪ್ಪಿನಿಂದ, ಅಡುಗೆಮನೆಯಲ್ಲಿ ತೀರಿದಾಗ ಇಲ್ಲಿಂದ ಬೊಗಸೆ ತುಂಬ ಒಯ್ದದ್ದು ಎಷ್ಟು ಸಲವೋ, ಬೆಟಗೇರಿಯಲ್ಲಿ ಬಣ್ಣ ಹಾಕುವ ಯಾವ ಮನೆಯಲ್ಲಾದರೂ ಕೇಳಲಿ. ಆದರೆ ಇಲ್ಲಿ ಡಬ್ಬಿ ಎರಡು, ಎರಡೂ ಹಳೆಯ ಎಣ್ಣೆಯ ಡಬ್ಬಿಗಳು, ಒಂದರಲ್ಲಿ ಉಪ್ಪು, ಇನ್ನೊಂದರಲ್ಲಿ ಕೆಂಪು ಬಣ್ಣಕ್ಕೆ ಹಾಕುವ ಬಿಳಿ ಪುಡಿ, ನೋಡಿದರೆ ಉಪ್ಪು, ಹಿಡಿದರೆ ಉಪ್ಪು, ಹೊಟ್ಟೆಗೆ ಹೋದರೆ ವಿಷ. ಅನು ಅಂಬೆಗಾಲಿಟ್ಟು ಹಿತ್ತಲಿಗೆ ಬರತೊಡಗಿದಾಗ ದ್ರಾಕ್ಷಾಯಣಿಯೇ ಎರಡಕ್ಕೂ ಕೊರಳಿಗೆ ದಾರ ಕಟ್ಟಿದಳು, ನೇಕಾರರ ಗಂಟು, ಎಳೆದರೆ ಇನ್ನಷ್ಟು ಬಿಗಿಯುವಂಥದ್ದು, ಹಸರ ದಾರದ್ದು ಉಪ್ಪು ಮಾವಾರ, ನೀಲಿ ದಾರದ್ದು ಯಾರೂ ಮುಟ್ಟಬಾರದು, ನಾನು ಚಾಷ್ಟಿ ಮಾಡಿದೆ, ನನಗ ಬಣ್ಣಾ ಕಲಸ್ತೀಯೇನವಾ. ಆ ಭಾನುವಾರ ಬಾಗಿಲ ಹತ್ತಿರದ ಡಬ್ಬಿ ನೋಡಿದೆ, ಹಸಿರು ದಾರ, ಎದೆ ಮುಟ್ಟಿ ಹೇಳುತ್ತೇನೆ, ನನಗೆ ಕಂಡದ್ದು ಹಸಿರು, ಎತ್ತಿಕೊಂಡಾಗ ಮುಚ್ಚಳದ ಕೆಳಗೆ ಒಂದು ತಗ್ಗು ಹೆಬ್ಬೆರಳಿಗೆ ಸಿಕ್ಕಿತು, ಯಾವಾಗ ಬಿತ್ತು ಈ ಡಬ್ಬಿ ಎಂದುಕೊಂಡೆ, ಅಷ್ಟೇ. ಬಕೆಟ್ಟಿನ ಪಕ್ಕೆಯಲ್ಲಿ ನೀರು ಹೋಗಲು ತೂತು ಇದೆ, ಥಂಡಿ ಹೋಗಬಾರದೆಂದು ಅರಿವೆ ತುರುಕಿದೆ, ಕರಗಿದ ನೀರು ಏರಿ ಒಳಪಾತ್ರೆಯ ಮುಚ್ಚಳದ ಮೇಲೆ ಬಂದು ಒಳಗಿನ ಹಾಲಿಗೆ ಇಳಿದದ್ದು ನನಗೆ ಕಾಣಲಿಲ್ಲ, ಆಗ ನನಗೆ ಏನು ತಾನೇ ಕಾಣುತ್ತಿತ್ತು. ಅವಳ ಕೈ ಮೇಲೆ ನನ್ನ ಕೈ, ನೂರರವರೆಗೆ ಎಣಿಸಿದಳು, ಮತ್ತೆ ಒಂದರಿಂದ, ಹಿಡಿಕೆ ಬಿಗಿಯಾಯಿತು, ಮುಚ್ಚಳ ತೆಗೆದು ಕಡಗೋಲನ್ನು ಕೈಗೆ ಕೊಟ್ಟೆ, ಕಡಗೋಲು ನೆಕ್ಕುವ ಹಕ್ಕು ತಿರುವಿದವರದು, ನೆಕ್ಕಿ ಮುಖ ಕಿವುಚಿ — ಅಜ್ಜಾ, ಉಪ್ಪುಪ್ಪು ಐತಿ. ಹೇಳಿತ್ತು ಕೂಸು. ಬಾಯಿಬಿಟ್ಟು ಹೇಳಿತ್ತು. ನಾನು ಏನಂದೆ, ಉಪ್ಪಿಗಿಂತ ರುಚಿ ಇಲ್ಲವಾ, ತಾಯಿಗಿಂತ ಬಂಧು ಇಲ್ಲ, ತಿನ್ನು, ಅಂದೆ. ಅಜ್ಜ ಹೇಳಿದ ಮೇಲೆ ತಿಂದಳು, ಎರಡು ಬಟ್ಟಲು ತಿಂದಳು, ಸಕ್ಕರೆ ಕಾಯಿಲೆಯವನೆಂದು ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡೆ, ಉಳಿದದ್ದನ್ನು ಅವ್ವ ಅಪ್ಪನಿಗೆಂದು ಮುಚ್ಚಿಟ್ಟೆವು.

ಆಮೇಲೆ ಕನ್ನಡಿಯ ಮುಂದೆ ನಿಂತಿದ್ದಳು, ನಾಲಿಗೆ ಚಾಚಿ ನೋಡಿಕೊಂಡು, ಸಂತೋಷದಿಂದಲೇ ಕರೆದಳು, ಅಜ್ಜಾ ಇಲ್ಲಿ ನೋಡು, ನನ್ನ ತುಟಿ ನೀಲಿ ಆಗ್ಯಾವ, ಉಗುರೂ ನೀಲಿ, ನೀ ಬಣ್ಣ ಹಾಕಿದಂಗ. ಓಡಿ ಬಂದು ಮುಖವನ್ನು ನನ್ನ ಮುಖದ ಹತ್ತಿರ ತಂದಳು, ಇಷ್ಟು ಹತ್ತಿರ, ಯಾಲಕ್ಕಿಯ ವಾಸನೆ ಬಂತು, ನಾನು ನೋಡಿದೆ — ನೋಡಿದಂತೆ ಮಾಡಿದೆ, ಕಪ್ಪಾದಂತಿತ್ತು ತುಟಿ, ನೇರಳೆ ಹಣ್ಣು ತಿಂದವರ ಹಾಗೆ, ಕಾಣಲಿಲ್ಲ ಎನ್ನಲು ನಾಚಿಕೆ, ಹೌದಲ್ಲ, ಭಾರೀ ಬಣ್ಣ, ಥಂಡಿಗೆ ಹಂಗಾಗತೈತಿ, ಹೋಗಿ ಬಿಸಲಾಗ ಕುಂಡ್ರು. ಬಿಸಿಲಿನಲ್ಲಿ ಕೂತಳು. ಹೇಳಿದ್ದನ್ನೆಲ್ಲ ಕೇಳುವ ಕೂಸು. ತಲೆ ನೋಯುತ್ತದೆ ಎಂದು ಒಳಗೆ ಬಂದು ಮಲಗಿದಳು, ನನಗೂ ತಲೆ ಭಾರ, ಬಿಸಿಲಿನ ಝಳ ಎಂದುಕೊಂಡು ಅವಳ ಪಕ್ಕ ಅಡ್ಡಾದೆ, ನಿದ್ದೆ ಹತ್ತಿತು, ನಿದ್ದೆ ಮಾಡಿದೆ ನಾನು, ಕೂಸು ಉಸಿರಿಗೆ ಒದ್ದಾಡುವಾಗ ಅಜ್ಜ ಗೊರಕೆ ಹೊಡೆಯುತ್ತಿದ್ದ. ಐದು ಗಂಟೆಗೆ ಬಂದ ದ್ರಾಕ್ಷಾಯಣಿ ಬಾಗಿಲಿನಿಂದಲೇ ಕೂಸಿನ ನೀಲಿ ತುಟಿ ಕಂಡಳು, ಎರಡು ನೆಟ್ಟಗಿನ ಕಣ್ಣಿದ್ದವಳು, ಕೈಯಲ್ಲಿದ್ದ ಕುಬಸದ ಉಡಿಯ ಅಕ್ಕಿ ನೆಲಕ್ಕೆ ಚೆಲ್ಲಿತು, ಗದಗಿನ ಆಸ್ಪತ್ರೆಯಲ್ಲಿ ರಕ್ತ ತೆಗೆದರೆ ಕಂದು ಬಣ್ಣ ಅಂದರಂತೆ, ಏನ್ ತಿಂದಿತ್ರಿ ಕೂಸು, ಹಾಲಿನ ಐಸ್‌ಕ್ರೀಂ, ಯಾರ ಹಾಲು, ಆಗ ಎಲ್ಲರಿಗಿಂತ ಮೊದಲು ರಹಿಮತಬಿ ಹಾಲು ಎಂದವನು ನಾನು. ಸುಳ್ಳಲ್ಲ, ಹಾಲು ಅವಳದೇ. ಒಂದು ಸಣ್ಣ ಖರೆ ಮಾತು, ಅದನ್ನು ಹಿಡಿದೇ ಊರು ಮುಂದೆ ಹೋಯಿತು. ಒಂಬತ್ತರ ಒಳಗೆ ಅನು ಹೋದಳು, ದೇಹ ಕೊಯ್ದು ನೋಡಬೇಕು ಅಂದರು, ಕೂಸಿನ ಮೈಗೆ ಕತ್ತಿ ಹಚ್ಚಬ್ಯಾಡ್ರಿ ಎಂದು ಕಾಲಿಗೆ ಬಿದ್ದವನೂ ನಾನೇ, ಖರೆ ಹೇಳುತ್ತೇನೆ, ಆಗ ನನಗೆ ಏನೂ ಗೊತ್ತಿರಲಿಲ್ಲ, ಮನೆಯಲ್ಲಿ ಓಣಿಯವರು ಉಳಿದ ಐಸ್‌ಕ್ರೀಂ ಗಟಾರಕ್ಕೆ ಚೆಲ್ಲಿ ಬಕೆಟ್ಟು ತೊಳೆದು ಬೋರಲು ಹಾಕಿದ್ದರು. ಮರುದಿನ ಬೆಳಿಗ್ಗೆ ಏನೂ ತಿಳಿಯದೆ ರಹಿಮತಬಿ ಕ್ಯಾನು ಹೊತ್ತು ಬಂದಳು, ಯಾರೋ ಒದ್ದರು, ಹಾಲು ಅದೇ ಗಟಾರಕ್ಕೆ ಹರಿಯಿತು, ಅವಳು ಕ್ಯಾನು ಎತ್ತಿಕೊಳ್ಳಲಿಲ್ಲ, ಕಟ್ಟೆಯ ಮೇಲೆ ಕೂತ ನನ್ನನ್ನೇ ನೋಡಿದಳು, ಕಾಕಾ, ಅನು ಎಲ್ಲಿ, ಎಂದು ಕೇಳಿದಳು, ನಾನು ಮುಖ ತಿರುಗಿಸಿದೆ.

ನಾಲ್ಕು ದಿನದ ಹಿಂದೆ ಸುಮ್ಮನೆ ಬಂದೆ ಇಲ್ಲಿಗೆ, ಹೊಸ ಕಣ್ಣಿನಲ್ಲಿ ನನ್ನ ಹಳೆಯ ಬಣ್ಣಗಳನ್ನು ನೋಡುವ ಆಸೆ, ಬೇರೇನಿಲ್ಲ, ಬಣ್ಣದವನ ಆಸೆ, ಕಂಬಕ್ಕೆ ಸಿಡಿದ ಕೆಂಪು, ಗೋಡೆಯ ಹಳದಿ, ಬಾಗಿಲ ಹತ್ತಿರದ ಡಬ್ಬಿಯ ಕೊರಳಲ್ಲಿ ನೀಲಿ ದಾರ. ನೀಲಿ ಅಂದರೆ ಎಂಥ ನೀಲಿ, ನಾನೇ ಹಾಕಿದ ಬಣ್ಣ, ಏಳೆಂಟು ವರ್ಷ ಹಿಂದಿನ ಲಡಿಯ ತುಂಡು, ಒಂದಿಷ್ಟೂ ಮಾಸಿಲ್ಲ. ಹಸಿರು ದಾರದ್ದು ಒಳಗೆ, ಮೂಲೆಯಲ್ಲಿ. ಆ ದಿನ ಒಯ್ದದ್ದು ಅದೇ ಇರಬೇಕು, ಮೂಲೆಯದು, ಹಸಿರಿನದು, ದೇವರೇ ಅದೇ ಆಗಿರಲಿ, ಕಣ್ಣು ಮುಚ್ಚಿ ಅದರ ಮುಚ್ಚಳದ ಕೆಳಗೆ ಹೆಬ್ಬೆರಳು ಆಡಿಸಿದೆ, ನುಣುಪು, ಸುತ್ತಲೂ ನುಣುಪು, ಆಮೇಲೆ ಈ ನೀಲಿ ದಾರದ ಡಬ್ಬಿಯ ಮೇಲೆ ಕೈ ಇಟ್ಟೆ, ತಗ್ಗು ಸಿಕ್ಕಿತು. ಕಣ್ಣು ತಪ್ಪಬಹುದು, ಕೈ ತಪ್ಪುವುದಿಲ್ಲ ಎಂದು ನಲವತ್ತಾರು ವರ್ಷ ಮೆರೆದೆನಲ್ಲ. ಬಲಗಣ್ಣು ಮುಚ್ಚಿದೆ, ದಾರ ಹಸಿರಾಯಿತು, ಎಡಗಣ್ಣು ಮುಚ್ಚಿದೆ, ನೀಲಿ. ಅಲ್ಲಿಯೇ ಕೂತೆ, ಅಳುವೂ ಬರಲಿಲ್ಲ, ಕಣ್ಣಿಗೆ ನೀರು ತಾಗಬಾರದು ಅಂದಿದ್ದಾರೆ ಡಾಕ್ಟರು ಎಂಬುದು ನೆನಪಾಯಿತು, ಇಂಥ ಹೊತ್ತಿನಲ್ಲಿ ಅದು ನೆನಪಾಗಬೇಕೇ, ಥೂ ನಿನ್ನ ಪಾಂಡಪ್ಪಾ. ನಾಲ್ಕು ದಿನ ನುಂಗಿಕೊಂಡು ಉಂಡೆ, ಮಲಗಿದೆ, ದಿನಕ್ಕೆ ನಾಲ್ಕು ಸಲ ದ್ರಾಕ್ಷಾಯಣಿ ಔಷಧದ ಬಾಟಲಿ ಹಿಡಿದು ಬರುತ್ತಾಳೆ, ಎರಡು ಬೆರಳಿನಿಂದ ನನ್ನ ರೆಪ್ಪೆ ಅಗಲಿಸಿ, ಮ್ಯಾಲ ನೋಡ್ರಿ ಮಾವಾರ, ಒಂದು ಹನಿ ಬಿಡುತ್ತಾಳೆ, ಅವಳ ಮುಖ ಇಷ್ಟು ಹತ್ತಿರ ಬರುತ್ತದೆ, ಅದೇ ಮೂಗು, ಅದೇ ತುಟಿ, ಅನುವಿನ ತುಟಿ, ಕಣ್ಣು ಮುಚ್ಚಲು ಅವಳ ಬೆರಳು ಬಿಡುವುದಿಲ್ಲ. ಹೇಳಿಬಿಡು, ಹೇಳಿದರೆ ಏನಾಗುತ್ತದೆ, ಹೊರಗೆ ಹಾಕುವುದಿಲ್ಲ ಅವರು, ಅದೇ ನನ್ನ ಭಯ, ಹೊತ್ತು ಹೊತ್ತಿಗೆ ಊಟದ ಎಡೆ ಮಾಡಿ ಹಾಕುತ್ತಾರೆ, ಮಾತಿಲ್ಲದೆ ಹಾಕುತ್ತಾರೆ, ಔಷಧದ ಹನಿಯನ್ನೂ ಬಿಡುತ್ತಾಳೆ, ಮ್ಯಾಲ ನೋಡ್ರಿ ಅನ್ನುವುದಿಲ್ಲ. ಹೇಳದಿದ್ದರೆ ಏನು, ಕೂಸು ತಿರುಗಿ ಬರುವುದಿಲ್ಲ, ರಹಿಮತಬಿಗೆ ಮುಂಡರಗಿಯಲ್ಲಿ ಮಗಳಿದ್ದಾಳೆ, ಇನ್ನೆಷ್ಟು ವರ್ಷ ಹಾಲು ಹೊರುತ್ತಾಳೆ ಪಾಪ — ನೋಡು, ಪಾಪ ಅನ್ನುತ್ತದೆ ನಾಲಿಗೆ, ಎರಡು ಮನೆ ಹಾಳು ಮಾಡಿ ಪಾಪ ಅನ್ನುತ್ತದೆ. ಹೇಡಿ ನಾನು, ಅಷ್ಟೇ, ಬಣ್ಣ ಕೆಟ್ಟಾಗ ಪುಡಿಯ ಮೇಲೆ, ಕೂಸು ಸತ್ತಾಗ ಹಾಲಿನ ಮೇಲೆ.

ಬಂದರು, ಚನ್ನಬಸವಣ್ಣನ ಕೆಮ್ಮು, ಕುಂಡ್ರಿ ಅನ್ನುವ ಮನೋಹರನ ದನಿ, ಎಷ್ಟು ದಿನವಾಯಿತು ಅವನ ದನಿ ಕೇಳಿ, ಅಪ್ಪಾ, ಬಾ, ಎಲ್ಲಾರೂ ಬಂದಾರ. ಡಬ್ಬಿಯನ್ನು ಹೆಗಲ ವಸ್ತ್ರದಲ್ಲಿ ಸುತ್ತಿ ಎದ್ದೆ, ಯಾಕೆ ಎತ್ತಿಕೊಂಡೆನೋ ಗೊತ್ತಿಲ್ಲ, ಬಾಗಿಲ ಹೊರಗೆ ಬಿಸಾಡಲೆಂದೋ, ಹಿತ್ತಲ ಬಾವಿಗೆ ಹಾಕಲೆಂದೋ, ಬಾವಿ ಎಡಕ್ಕೆ ಇದೆ, ಕಾಲು ಬಲಕ್ಕೆ ತಿರುಗಿತು, ಪಡಸಾಲೆ. ಚನ್ನಬಸವಣ್ಣ ಚಾಪೆಯ ಮೇಲೆ, ಮನೋಹರ ಗೋಡೆಗೆ ಒರಗಿ, ರಹಿಮತಬಿ ಒಳಗೆ ಬಂದಿಲ್ಲ, ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕೂತಿದ್ದಾಳೆ, ಹದಿನೆಂಟು ವರ್ಷ ಅಡುಗೆಮನೆಯ ಬಾಗಿಲವರೆಗೆ ಬಂದವಳು, ಇಳಿದುಹೋಗಿದ್ದಾಳೆ, ಸೀರೆಯ ಸೆರಗು ನೀಲಿ, ಎಲ್ಲ ಕಡೆ ನೀಲಿ. ಚನ್ನಬಸವಣ್ಣ ಮಾತು ಎತ್ತಿದ, ಪಾಂಡಪ್ಪಣ್ಣ, ಹಿಂದಿಂದು ಆಗಿ ಹೋತು, ನಿನ್ನ ಬಾಯಿಲೆ ಒಂದು ಮಾತು ಬರಲಿ, ಹಾಲಿನಾಗ ಖರೇನ ಏನರ ಇತ್ತೋ ಇಲ್ಲೋ. ಗೊತ್ತಿಲ್ಲಪ್ಪ ಅಂದರೆ ಸಾಕು, ಅದೊಂದು ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಅಷ್ಟರಲ್ಲಿ ಹೊಸ್ತಿಲಾಚೆಯಿಂದ ಅವಳು ಮೆಲ್ಲಗೆ ಕೇಳಿದಳು, ತನ್ನ ವಿಷಯವಲ್ಲ, ಹಾಲಿನ ವಿಷಯವೂ ಅಲ್ಲ, ಕಾಕಾ, ಕಣ್ಣು ಮಾಡಿಸಿದ್ರಂತ, ಈಗ ಛಲೋ ಕಾಣತೈತೇನ್ರಿ. ಕೇಳಬಾರದಿತ್ತು ರಹಿಮತಬಿ, ಬೈಯಬೇಕಿತ್ತು, ಮಣ್ಣು ತೂರಬೇಕಿತ್ತು, ಕಣ್ಣಿನ ಬಗ್ಗೆ ಕೇಳಬಾರದಿತ್ತು. ಕಾಣತೈತವಾ, ಅಂದೆ. ಕೈ ತಾನಾಗಿ ವಸ್ತ್ರ ಬಿಚ್ಚಿತು, ಡಬ್ಬಿಯನ್ನು ಎಲ್ಲರ ನಡುವೆ ನೆಲಕ್ಕಿಟ್ಟೆ, ಏನಿದು, ಅಂದ ಚನ್ನಬಸವಣ್ಣ, ಮನೋಹರ ನೋಡಿದ, ಅವನಿಗೆ ಅದು ಬರೀ ಹಳೆಯ ಡಬ್ಬಿ, ಅಪ್ಪಾ, ಇದನ್ಯಾಕ ತಂದಿ. ಆ ದಿನ ಉಪ್ಪು ಸಾಲಲಿಲ್ಲ, ಅಂದೆ, ಬರ್ಫಕ್ಕ ಉಪ್ಪು ಸಾಲಲಿಲ್ಲ, ಇದರಾಗಿಂದ ಹಾಕಿದೆ, ಆಕಿ ಹಾಲಿನಾಗ ಏನೂ ಇರಲಿಲ್ಲ. ಯಾರಿಗೂ ಇನ್ನೂ ತಿಳಿದಿಲ್ಲ, ಚನ್ನಬಸವಣ್ಣ ಹಣೆ ಗಂಟಿಕ್ಕಿ ಕೂತಿದ್ದಾನೆ, ಒಳಗಿನಿಂದ ದ್ರಾಕ್ಷಾಯಣಿ ಬಂದಳು, ಔಷಧದ ಹೊತ್ತು, ಕೈಯಲ್ಲಿ ಬಾಟಲಿ, ನೆಲದ ಮೇಲಿನ ಡಬ್ಬಿ ನೋಡಿದಳು, ಅದರ ಕೊರಳಿನ ದಾರ ನೋಡಿದಳು, ತಾನೇ ಹಾಕಿದ ಗಂಟು, ಆಮೇಲೆ ನನ್ನ ಕಣ್ಣು ನೋಡಿದಳು, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು, ಅವಳ ತುಟಿ ಅಲುಗಿತು, ಬಾಟಲಿ ಇನ್ನೂ ಕೈಯಲ್ಲೇ ಇದೆ, ತುಟಿಯ ಬಣ್ಣ ಹೋಗುತ್ತಿದೆ, ನನಗೆ ಕಾಣುತ್ತಿದೆ, ಈಗ ಎಲ್ಲ ಕಾಣುತ್ತದೆ, ಬಲಗಣ್ಣು ಮುಚ್ಚು ಪಾಂಡಪ್ಪಾ, ಮುಚ್ಚಿದರೆ ಹಸಿರಾಗುತ್ತದೆ, ಮುಚ್ಚು, ರೆಪ್ಪೆ ಕೂಡುತ್ತಿಲ್ಲ, ಅಜ್ಜಾ ಇಲ್ಲಿ ನೋಡು, ನೋಡುತ್ತಿದ್ದೇನೆ ಕೂಸೇ, ನೀಲಿ, ದಾರ ನೀಲಿ, ತುಟಿ ನೀಲಿ, ಉಗುರು ನೀಲಿ, ನೀಲಿ